ಜರ್ಮನ್ ಅಜ್ಜನನ್ನು ಹುಡುಕುತ್ತಿರುವವರಿಗೆ

ಪಟಾನ್‌ಚೆರು, ರಾಮಚಂದ್ರಾಪುರಂ, ಮಿಯಾಪುರದ ಕಡೆ ನೆಲೆಸಿರುವ ಬಾಸೆಲ್ ಮಿಶನ್ ಮನೆತನಗಳ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,

ಶನಿವಾರ ಮಧ್ಯಾಹ್ನ ನಮ್ಮ ವಾಚನಾಲಯದ ಹಿಂದಿನ ಕೋಣೆಗೆ ಬರುವ ನಿಮ್ಮಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ: "ಅಕ್ಕಾರ, ನಮ್ಮ ಅಜ್ಜನ ಅಜ್ಜ ಜರ್ಮನಿಯಾಂವ ಇದ್ನಂತ್ರಿ. ಹೆಸರು ಹುಡುಕಿ ಕೊಡ್ರಿ." ಮಂಗಳೂರಿನ ಕಡೆಯವರಾದರೆ, "ಅಕ್ಕ, ನಮ್ಮ ಮನೆತನದಲ್ಲಿ ಒಬ್ಬರು ದೊರೆ ಇದ್ದರಂತೆ" ಅನ್ನುತ್ತೀರಿ. ಪುರಾವೆಯಾಗಿ ಒಂದು ಮಾಸಿದ ಫೋಟೊ, ಜರ್ಮನ್ ಅಕ್ಷರದ ಒಂದು ಹಾಡಿನ ಪುಸ್ತಕ, ಇಲ್ಲವೇ ಮನೆಯಲ್ಲಿ ಯಾರದೋ ಬೆಕ್ಕಿನ ಕಣ್ಣು. ಈ ಮೂರರಲ್ಲಿ ಬೆಕ್ಕಿನ ಕಣ್ಣೇ ಹೆಚ್ಚು. ಬಂದವರಿಗೆಲ್ಲ ಅದೇ ಉತ್ತರವನ್ನು ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆಗೇ ಬರೆದುಬಿಡೋಣ ಅನಿಸಿತು.

ನನ್ನನ್ನು ಕಾಣದವರಿಗೆ ಎರಡು ಮಾತು. ನಮ್ಮದು ಬೆಟಗೇರಿ. ಇಲ್ಲಿ ಪಟಾನ್‌ಚೆರುವಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ, ಜರ್ಮನಿಯಿಂದ ಬಂದ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತಿರುಗಿಸುತ್ತ ಸರ್ವೀಸು ಮುಗಿಸಿದವಳು ನಾನು. ವಾಲ್ವು, ಗ್ಯಾಸ್ಕೆಟ್ಟುಗಳ ಜರ್ಮನ್ ಬಿಟ್ಟರೆ ಬೇರೆ ಜರ್ಮನ್ ಬರುತ್ತಿರಲಿಲ್ಲ. ಹಳೆಯ ಕೈಬರಹ ಓದುವುದನ್ನು ನಿವೃತ್ತಿಯ ಮೇಲೆ ಕಲಿತೆ. ಈಗ ಸಂಬಳವಿಲ್ಲದ ಈ ಕೆಲಸ ಹಿಡಿದಿದ್ದೇನೆ. ನೀವು ತರುವ ಕಾಗದ ಓದುತ್ತೇನೆ, ಯಾವ ದಫ್ತರಕ್ಕೆ ಬರೆಯಬೇಕೆಂದು ಹೇಳುತ್ತೇನೆ, ಬರೆಯಲು ಬಾರದವರಿಗೆ ಬರೆದೂ ಕೊಡುತ್ತೇನೆ.

ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಬಹುತೇಕರಿಗೆ ಜರ್ಮನ್ ಅಜ್ಜನಿಲ್ಲ. ನೀವು ಕೇಳಿದ ಜರ್ಮನ್ ಹೆಸರು ಕಾಗದದಲ್ಲಿ ಇದೆ, ಸುಳ್ಳಲ್ಲ. ಆದರೆ ಅದು ತಂದೆಯ ಕಾಲಂನಲ್ಲಿಲ್ಲ, ದೀಕ್ಷಾಸ್ನಾನ ಕೊಟ್ಟವರ ಕಾಲಂನಲ್ಲಿದೆ. ಇಲ್ಲವೇ ಸಾಕ್ಷಿಗಳ ಸಾಲಿನಲ್ಲಿದೆ, ಇಲ್ಲವೇ ಹೆಂಚಿನ ಕಾರ್ಖಾನೆಯ ಮೇಲ್ವಿಚಾರಕರ ರುಜುವಿನಲ್ಲಿದೆ. ನೂರೈವತ್ತು ವರ್ಷ ಮನೆಮಂದಿಯ ಬಾಯಿಂದ ಬಾಯಿಗೆ ದಾಟುವಾಗ ಪಾದ್ರಿಯವರು ಅಜ್ಜನಾಗಿಬಿಟ್ಟಿದ್ದಾರೆ.

ಹಾಗಾಗುವುದಕ್ಕೆ ಕಾರಣವೂ ಇದೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಹುಟ್ಟಿದ ಈ ಮಿಶನ್‌ಗೆ ಕಂಪನಿ ಸರ್ಕಾರದ ಸೀಮೆಯಲ್ಲಿ ಕೆಲಸ ಮಾಡಲು ದಾರಿ ತೆರೆದದ್ದು 1833ರ ಚಾರ್ಟರ್ ಕಾಯಿದೆ. ಅದರ ಮರುವರ್ಷವೇ, 1834ರಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, ಆಮೇಲೆ ನಮ್ಮ ಬೆಟಗೇರಿ. ಕ್ರೈಸ್ತರಾದವರು ಜಾತಿಯಿಂದ, ಮನೆಯಿಂದ, ಎಷ್ಟೋ ಸಲ ಊರಿನಿಂದಲೇ ಹೊರಬಿದ್ದರು. ಅವರಿಗೆ ಮನೆ, ಶಾಲೆ, ಮಗ್ಗ, ಹೆಂಚಿನ ಕಾರ್ಖಾನೆಯ ಕೂಲಿ ಎಲ್ಲವೂ ಮಿಶನ್ ಆವರಣದಲ್ಲೇ. ಹೊಸ ಹೆಸರೂ ಅಲ್ಲಿಯದೇ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾಯ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಗುರು ಹೆರ್ಮನ್ ಮೊಗ್ಲಿಂಗರ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ಹೀಗೆ ಹೆರ್ಮನ್ ಆದವರು ಮೊಗ್ಲಿಂಗರ ಮಗನಲ್ಲ. ಆದರೆ ಅಂಥದೊಂದು ಹೆಸರು ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಬರೀ ಹೆಸರಾಗಿ ದಾಟಿದರೆ ಅವರು ಏನೆಂದುಕೊಂಡಾರು?

ಇನ್ನೊಂದು ಸಂಗತಿಯೂ ಇದೆ. ಬಾಸೆಲ್‌ನ ಮಿಶನರಿ ತನಗೆ ಬೇಕಾದಾಗ ಬೇಕಾದವಳನ್ನು ಮದುವೆಯಾಗುವಂತಿರಲಿಲ್ಲ. ಬಾಸೆಲ್‌ನ ಕಮಿಟಿಗೆ ಬರೆದು ಅಪ್ಪಣೆ ಪಡೆಯಬೇಕು. ಎಷ್ಟೋ ಮಂದಿಗೆ ಕಮಿಟಿಯೇ ಹೆಣ್ಣು ನೋಡಿ ಕಳಿಸುತ್ತಿತ್ತು. ವರನ ಮುಖವನ್ನೇ ಕಾಣದೆ, ಬರೀ ಕಾಗದದ ಮೇಲೆ ಒಪ್ಪಿಕೊಂಡು ಹಡಗು ಹತ್ತಿ ಬಂದ ಹುಡುಗಿಯರು ಅವರು. ಹುಟ್ಟಿದ ಮಕ್ಕಳಿಗೆ ಆರೇಳು ವರ್ಷವಾಗುತ್ತಲೇ ಓದಿಗಾಗಿ ಬಾಸೆಲ್‌ನ ಮಕ್ಕಳ ಮನೆಗೆ ಕಳಿಸಬೇಕು. ಆಮೇಲೆ ತಾಯಿ ಮಕ್ಕಳು ಮುಖ ಕಾಣುವುದು ವರ್ಷಗಟ್ಟಲೆ ಕಳೆದ ಮೇಲೆ. ನನ್ನ ಕಣ್ಣಿಗೆ ಇದು ಕ್ರೂರವೇ. ಆದರೆ ವಂಶಾವಳಿ ಹುಡುಕುವವರಿಗೆ ಇದರಿಂದ ಒಂದು ಸೌಕರ್ಯವಾಗಿದೆ: ಮಿಶನರಿಯ ಮದುವೆ, ಮಕ್ಕಳು, ಸಾವು ಎಲ್ಲವೂ ಬಾಸೆಲ್‌ನಲ್ಲಿ ದಾಖಲಾಗಿವೆ. ನಡತೆ ಕೆಟ್ಟು ಮಿಶನ್‌ನಿಂದ ಹೊರಬಿದ್ದವರ ಪತ್ರವ್ಯವಹಾರವೂ ಕಡತದಲ್ಲಿ ಉಳಿದಿದೆ. ಗುಟ್ಟಿನ ಸಂಬಂಧ ಒಂದೂ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಮನುಷ್ಯರು ಎಲ್ಲ ಕಡೆಯೂ ಮನುಷ್ಯರೇ. ನಾನು ಹೇಳುವುದು ಇಷ್ಟೇ: ಮನೆಯ ಕಥೆಗೆ ಕಾಗದದ ಬೆಂಬಲ ಸಿಗುವವರೆಗೆ ಗೋಡೆಯ ಮೇಲಿನ ವಂಶವೃಕ್ಷದಲ್ಲಿ ಜರ್ಮನ್ ಹೆಸರು ಬರೆಯಬೇಡಿ.

ಹಾಗಾದರೆ ಕನ್ನಡ ನಾಡಿನಲ್ಲಿ ಜರ್ಮನ್ ರಕ್ತ ಬೆರೆತ ಮನೆತನ ಇಲ್ಲವೇ ಇಲ್ಲವೆ? ಇದೆ, ಎಲ್ಲರಿಗೂ ಗೊತ್ತಿರುವ ಮನೆತನವೇ. ಆದರೆ ಅಲ್ಲಿ ನೀವು ಹುಡುಕುವ ಅಜ್ಜನಿಲ್ಲ, ಅಜ್ಜಿ ಇದ್ದಾಳೆ. ಅದೇ ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ, ಗುರುದೀಕ್ಷೆ ಪಡೆದು 1851ರಲ್ಲಿ ಮರಳಿದರು. 1860ರಲ್ಲಿ ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ಆ ಕಾಲಕ್ಕೆ ಬಿಳಿಯ ಗಂಡಸು ಇಲ್ಲಿಯ ಹೆಣ್ಣನ್ನು ಇಟ್ಟುಕೊಂಡರೆ ಕಂಡೂ ಕಾಣದಂತೆ ಇರುತ್ತಿದ್ದ ಸಮಾಜ, ಇಲ್ಲಿಯ ಗಂಡಸು ಯುರೋಪಿನ ಹೆಣ್ಣನ್ನು ದೇವರ ಮುಂದೆ ಕೈಹಿಡಿದರೆ ಹುಬ್ಬು ಗಂಟಿಕ್ಕುತ್ತಿತ್ತು. ಆಕೆ ಬಂದರು, ಸಂಸಾರ ಮಾಡಿದರು. ಕೊಡಗಿನ ಆನಂದಪುರದ ಕ್ರೈಸ್ತ ವಸಾಹತಿನ ಜೊತೆ ಆ ಮನೆತನದ ಹೆಸರು ಸೇರಿಹೋಗಿದೆ. ನೀವೆಲ್ಲ ಕೋಟು ತೊಟ್ಟ ಗಡ್ಡದ ಅಜ್ಜನನ್ನೇ ಹುಡುಕುತ್ತೀರಿ. ಹಡಗು ಹತ್ತಿ ಬಂದ ಅಜ್ಜಿಯನ್ನು ಕೇಳಿಕೊಂಡು ಈ ಕೋಣೆಗೆ ಇದುವರೆಗೆ ಯಾರೂ ಬಂದಿಲ್ಲ.

ಕಾದಂಬರಿಕಾರ ಹೆರ್ಮನ್ ಹೆಸ್ಸೆ ನಮ್ಮ ಸಂಬಂಧಿ ಎಂದು ಹೇಳುವವರಿಗೂ ಒಂದು ಮಾತು. ಹೆಸ್ಸೆಯ ತಾಯಿ ಮರಿ ಗುಂಡರ್ಟ್ 1842ರಲ್ಲಿ ಮಲಬಾರಿನಲ್ಲಿ ಹುಟ್ಟಿದವರು, ಮಲಯಾಳಂ ನಿಘಂಟಿನ ಹೆರ್ಮನ್ ಗುಂಡರ್ಟರ ಮಗಳು. ತಂದೆ ಯೋಹಾನ್ನೆಸ್ ಹೆಸ್ಸೆ ಮಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವರು. ಮರಿಗೆ ಅದು ಎರಡನೆಯ ಮದುವೆ. ಮೊದಲ ಗಂಡ ಚಾರ್ಲ್ಸ್ ಇಸೆನ್‌ಬರ್ಗ್ ತೀರಿಕೊಂಡಿದ್ದರು, ಆ ಮದುವೆಯ ಇಬ್ಬರು ಗಂಡುಮಕ್ಕಳು ಹೆಸ್ಸೆಗೆ ಅಣ್ಣಂದಿರು. ಮಿಶನರಿ ಮನೆತನಗಳಲ್ಲಿ ಇಂಥ ಗಂಟುಗಳು ಬೇಕಾದಷ್ಟು. ಮೊಗ್ಲಿಂಗರ ಸೋದರ ಸಂಬಂಧಿ ವೈಗ್ಲೆ ಸತ್ತ ಮೇಲೆ ಅವರ ವಿಧವೆ ಪೌಲಿನೆಯನ್ನು ಮೊಗ್ಲಿಂಗರೇ ಮದುವೆಯಾದರು. ನಮ್ಮ ನಿಘಂಟಿನ ಕಿಟೆಲ್‌ರ ಹೆಂಡತಿ ಪೌಲಿನೆ 1864ರಲ್ಲಿ ತೀರಿಕೊಂಡರು, ಆಮೇಲೆ ಅವರು ಕೈಹಿಡಿದದ್ದು ಆಕೆಯ ತಂಗಿ ಯೂಲಿಯೆಯನ್ನು. ಜ್ವರ, ಭೇದಿ, ಹೆರಿಗೆ ಒಬ್ಬೊಬ್ಬರನ್ನೇ ಕೊಂಡೊಯ್ಯುತ್ತಿದ್ದಾಗ ಉಳಿದವರು ಹೀಗೆ ಮನೆ ಕಟ್ಟಿಕೊಳ್ಳುತ್ತಿದ್ದರು. ಜರ್ಮನಿಯಿಂದ ತಮ್ಮ ಪೂರ್ವಿಕರ ಜಾಡು ಹಿಡಿದು ಕೇಳುವವರಿಗೆ ಇವನ್ನು ಬಿಡಿಸಿ ಹೇಳುವಷ್ಟರಲ್ಲಿ ನನಗೇ ತಲೆ ತಿರುಗುತ್ತದೆ.

ಇಷ್ಟಾದರೂ ಹುಡುಕಲೇಬೇಕು ಎನ್ನುವವರು ಬರುತ್ತೀರಿ, ಬರಲೇಬೇಕು. ಆಗ ದಾರಿ ಹೀಗಿದೆ.

ಮಿಶನರಿಯ ಹೆಸರು ಖಚಿತವಾದರೆ ಮೊದಲ ಬಾಗಿಲು ಬಾಸೆಲ್. ಹಳೆಯ ಮಿಶನ್ 2001ರಿಂದ 'ಮಿಶನ್ 21' ಎಂಬ ಸಂಸ್ಥೆಯೊಳಗೆ ಸೇರಿದೆ, ಅದರ ದಫ್ತರದಲ್ಲಿ ಬಾಸೆಲ್ ಮಿಶನ್‌ನ ಕಡತಗಳಿವೆ. 'ಬ್ರದರ್‌ಗಳ ಯಾದಿ' ಎಂದು ನಾನು ಕರೆಯುವ ಪಟ್ಟಿಯಲ್ಲಿ ಪ್ರತಿಯೊಬ್ಬ ಮಿಶನರಿಗೂ ಒಂದು ನಂಬರು: ಹುಟ್ಟಿದ ಊರು, ತಂದೆಯ ಕಸುಬು, ಸೇರಿದ ವರ್ಷ, ಕಳಿಸಿದ ಜಾಗ, ಮದುವೆ, ಸಾವು. ಇವರಲ್ಲಿ ತುಂಬ ಜನ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಎಲ್ಲರೂ ಅಲ್ಲ. ಕಿಟೆಲ್ ಹುಟ್ಟಿದ್ದು ಎಲ್ಲೋ ಉತ್ತರದ ಸಮುದ್ರದಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಕೆಲವರು ಜರ್ಮನರೇ ಅಲ್ಲ, ಸ್ವಿಸ್ಸರು. ಜರ್ಮನಿಯ ಹಳೆಯ ದಾಖಲೆಗಳೆಲ್ಲ ಊರಿನ ಹೆಸರಿನ ಮೇಲೆ ಸಿಗುವಂಥವು. ಮನೆತನದ ಹೆಸರೊಂದೇ ಹಿಡಿದು ಹೊರಟರೆ ನಮ್ಮಲ್ಲಿ 'ಪಾಟೀಲ' ಎಂಬ ಹೆಸರೊಂದನ್ನೇ ಇಟ್ಟುಕೊಂಡು ಉತ್ತರ ಕರ್ನಾಟಕವೆಲ್ಲ ಅಲೆದಂತಾದೀತು.

ಊರು ಸಿಕ್ಕಿದರೆ ಮುಂದಿನದು ಸುಲಭ, ನಮಗೆ ಹೊಟ್ಟೆಕಿಚ್ಚಾಗುವಷ್ಟು ಸುಲಭ. ದೇಶಾದ್ಯಂತ ಸರ್ಕಾರಿ ಜನನ ಮರಣ ನೋಂದಣಿ ಅಲ್ಲಿ ಶುರುವಾದದ್ದು 1876ರಲ್ಲಿ. ಅದಕ್ಕಿಂತ ಹಿಂದಿನದೆಲ್ಲ ಚರ್ಚಿನ ಪುಸ್ತಕದಲ್ಲಿ. ವುರ್ಟೆಂಬರ್ಗ್‌ನಲ್ಲಂತೂ 1808ರಿಂದ ಒಂದೊಂದು ಕುಟುಂಬಕ್ಕೆ ಒಂದೊಂದು ಪುಟ: ಮೇಲೆ ಗಂಡ, ಹೆಂಡತಿ, ಅವರವರ ತಂದೆತಾಯಿ. ಕೆಳಗೆ ಮಕ್ಕಳ ಸಾಲು, ಪ್ರತಿ ಮಗುವಿನ ಹುಟ್ಟು, ಮದುವೆ, ಸಾವು, ಊರು ಬಿಟ್ಟು ಹೋದದ್ದು. ನಮ್ಮ ಮಿಶನರಿಯ ಹೆಸರಿನ ಮುಂದೆ ಅಂಥ ಪುಟದಲ್ಲಿ 'ಪೂರ್ವ ಇಂಡಿಯಾ' ಎಂದು ಕಂಡರೆ ಜಾಡು ಸರಿಯಾಗಿದೆ ಎಂದರ್ಥ. ಪ್ರೊಟೆಸ್ಟೆಂಟ್ ಸಭೆಗಳ ಇಂಥ ಪುಸ್ತಕಗಳನ್ನು 'ಆರ್ಕಿಯೋನ್' ಎಂಬ ಜಾಲತಾಣದಲ್ಲಿ ದುಡ್ಡು ಕಟ್ಟಿ ನೋಡಬಹುದು. 'ಫ್ಯಾಮಿಲಿಸರ್ಚ್'ನಲ್ಲಿ ಕೆಲವು ಬಿಟ್ಟಿಯಾಗಿ ಸಿಗುತ್ತವೆ. ದುಡ್ಡು ಕಟ್ಟುವ ಮೊದಲು ನನ್ನನ್ನು ಕೇಳಿ. ಒಂದು ತಿಂಗಳಿಗೆ ಕಟ್ಟಿ, ಊರಿನ ಹೆಸರೇ ತಪ್ಪಾಗಿ, ಆ ತಿಂಗಳು ಕಳೆದುಕೊಂಡವರಿದ್ದಾರೆ.

ಕೈಬರಹದ ಸಂಗತಿ. ಕುರೆಂಟ್ ಎಂದು ಅದರ ಹೆಸರು. 1941ರಲ್ಲಿ ಶಾಲೆಗಳಿಂದ ಅದನ್ನು ತೆಗೆದುಹಾಕಿದ ಮೇಲೆ ಇವತ್ತಿನ ಜರ್ಮನರಿಗೇ ಅದು ಬರುವುದಿಲ್ಲ. ಮುತ್ತಜ್ಜಿಯ ಕಾಗದ ಹಿಡಿದು ಅವರೂ ಪರದಾಡುತ್ತಾರೆ. 'ಇ' ಅಕ್ಷರವೂ 'ಎನ್' ಅಕ್ಷರವೂ ಒಂದೇ ಥರ ಕಾಣುತ್ತವೆ. 'ಯು' ಅಕ್ಷರದ ನೆತ್ತಿಯ ಮೇಲೊಂದು ಕೊಕ್ಕೆ ಇಲ್ಲದಿದ್ದರೆ ಅದನ್ನೂ 'ಎನ್' ಎಂದೇ ಓದಿಕೊಳ್ಳುತ್ತೇವೆ. ಉದ್ದನೆಯ 'ಎಸ್' ನೋಡಲು 'ಎಫ್'ನಂತೆ. ಒಂದು ಪುಟವೆಂದರೆ ಚಳಿಗಾಲದ ಬೋಳು ಬೇಲಿಯ ಹಾಗೆ, ಬರೀ ಮೊನೆಗಳು. ಆದರೆ ಆ ಬೇಲಿಯ ನಡುವೆ ಆಗಾಗ ಒಂದು ಮಾತು ಸ್ವಚ್ಛ ಇಂಗ್ಲಿಷ್ ಅಕ್ಷರದಲ್ಲಿ ದುಂಡಗೆ ನಿಂತಿರುತ್ತದೆ. ಪರಭಾಷೆಯ ಹೆಸರುಗಳನ್ನು ಲ್ಯಾಟಿನ್ ಲಿಪಿಯಲ್ಲಿ ಬಿಡಿಸಿ ಬರೆಯುವುದು ಆ ಕಾಲದ ರೂಢಿ. ಹಾಗೆ ದುಂಡಗೆ ನಿಂತದ್ದು ನೋಡಿದರೆ ನಮ್ಮ ಊರು, ನಮ್ಮ ಜನ: ಹುಬ್ಬಳ್ಳಿ, ಬೆಟಗೇರಿ, ಮುಲ್ಕಿ, ಒಬ್ಬ ಅಪ್ಪ, ಒಬ್ಬಳು ಅವ್ವ. ಜರ್ಮನ್ ಒಂದಕ್ಷರ ಬಾರದವರೂ ಪುಟದ ಮೇಲೆ ಬೆರಳಾಡಿಸಿ ತಮ್ಮವರನ್ನು ಹುಡುಕಬಹುದು. ಕಿವಿಗೆ ಕೇಳಿದ ಹಾಗೆ ಬರೆದಿದ್ದಾರೆ, ಜರ್ಮನರ ಕಿವಿಗೆ, ಎನ್ನುವುದು ನೆನಪಿರಲಿ. ನಮ್ಮ 'ಜ' ಬರೆಯಲು ಅವರಿಗೆ ನಾಲ್ಕಕ್ಷರ ಬೇಕಾಗುತ್ತಿತ್ತು. ಬಾಯಿಬಿಟ್ಟು ಓದಿದರೆ ತಿಳಿಯುತ್ತದೆ, ಕಣ್ಣಲ್ಲಿ ಓದಿದರೆ ತಿಳಿಯುವುದಿಲ್ಲ.

ಇಲ್ಲಿಯೇ ನನ್ನ ತಕರಾರು ಶುರುವಾಗುವುದು. ನೀವು ಆ ಪುಟದಲ್ಲಿ ಕುರೆಂಟ್‌ನ ಸಾಲನ್ನು ಹುಡುಕುತ್ತೀರಿ. ದುಂಡಗೆ ನಿಂತಿರುವ ಹೆಸರನ್ನು ದಾಟಿಕೊಂಡು ಹೋಗುತ್ತೀರಿ.

ಒಂದು ಪುಟದ ಬಗ್ಗೆ ಹೇಳುತ್ತೇನೆ. ಮನೆಯವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹಳೆಯ ದೀಕ್ಷಾಸ್ನಾನದ ಪುಸ್ತಕದ ಒಂದು ಹಾಳೆಯ ಫೋಟೊವನ್ನು ಒಬ್ಬರು ಮೊಬೈಲಿನಲ್ಲಿ ತಂದಿದ್ದರು. ಬೀರಂಗೂಡದಲ್ಲಿ ಅಪಾರ್ಟ್‌ಮೆಂಟು, ಔಷಧ ಕಂಪನಿಯಲ್ಲಿ ನೌಕರಿ, ವಯಸ್ಸು ಮೂವತ್ತರ ಆಸುಪಾಸು. ಪುಟದ ಬಲತುದಿಯ ಜರ್ಮನ್ ರುಜುವಿನ ಮೇಲೆ ಅವರು ಕೆಂಪು ಗುರುತು ಹಾಕಿಕೊಂಡಿದ್ದರು. ನಾನು ಎಡತುದಿಯಿಂದ ಓದತೊಡಗಿದೆ. ಕ್ರಮಸಂಖ್ಯೆ. ತಾರೀಖು. ಹಳೆಯ ಹೆಸರು, ಹೊಸ ಹೆಸರು. ವಯಸ್ಸು 'ಸುಮಾರು 30'. ಗಂಡ ಸತ್ತವಳು. ಜಾತಿ: ನೇಕಾರ. ಊರು: ಗದಗದಿಂದ ನಡೆದು ಮುಟ್ಟಬಹುದಾದ ಒಂದು ಹಳ್ಳಿ. ಜೊತೆಗೆ ಇಬ್ಬರು ಮಕ್ಕಳು, ಅವರ ಹಳೆಯ ಹೆಸರು, ಹೊಸ ಹೆಸರು. ಮೂರನೆಯ ಮಗುವಿನ ಹೆಸರಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಕುರೆಂಟ್‌ನಲ್ಲಿ ಎರಡೇ ಮಾತು: ದಾರಿಯಲ್ಲಿ ತೀರಿಕೊಂಡಿದ್ದು. ವರ್ಷ 1877. ಬಿಜಾಪುರ, ಧಾರವಾಡ, ಬಳ್ಳಾರಿಗಳನ್ನೆಲ್ಲ ಸುಟ್ಟುಹಾಕಿದ 1876-78ರ ಬರದ ನಟ್ಟನಡುವೆ.

"ಇವಳು ಯಾರು?" ಎಂದು ಕೇಳಿದೆ. ಗೊತ್ತಿಲ್ಲ ಎಂದರು. ನಿಮ್ಮ ಅಜ್ಜನ ಅಜ್ಜಿ ಇವಳೇ, ಆ ಇಬ್ಬರು ಮಕ್ಕಳಲ್ಲಿ ದೊಡ್ಡವನಿಂದ ನಿಮ್ಮ ಮನೆತನ, ಎಂದೆ. ಅವರು ಸ್ವಲ್ಪ ಹೊತ್ತು ಪರದೆಯನ್ನು ಹಿಗ್ಗಿಸಿ ನೋಡಿದರು. ಆಮೇಲೆ, "ಆದ್ರ ಆ ಜರ್ಮನ್ ಸಹಿ?" ಎಂದು ಕೇಳಿದರು. ಸಿಟ್ಟು ಬಂತು, ಅದನ್ನು ನುಂಗಿಕೊಂಡು ಆ ಪಾದ್ರಿಯ ಬಗ್ಗೆಯೂ ಹೇಳಿದೆ.

ಯೋಚಿಸಿ ನೋಡಿ. ಆ ಬರದಲ್ಲಿ ಊರು ಬಿಟ್ಟು ನಡೆದ ಲಕ್ಷಾಂತರ ಹೆಂಗಸರಲ್ಲಿ ಯಾರ ಹೆಸರು, ಯಾರ ಮಕ್ಕಳ ಹೆಸರು ಎಲ್ಲಿ ಉಳಿದಿದೆ? ದೊಡ್ಡ ಗೌಡರ ಮನೆಯವರಾದರೂ ಹೆಂಗಸರ ಹೆಸರು ಉತಾರೆಯಲ್ಲಿ ಹತ್ತುವುದೇ ಕಷ್ಟ. ನಿಮ್ಮವಳ ಹೆಸರು, ಅವಳ ಊರು, ಅವಳು ಕಳೆದುಕೊಂಡ ಮಗು ಸಹ ಶಾಯಿಯಲ್ಲಿ ಉಳಿದಿವೆ. ಹಾಗೆ ಬರೆದಿಟ್ಟದ್ದಕ್ಕೆ ಜರ್ಮನ್ ಪಾದ್ರಿಗೆ ಕೈಮುಗಿಯೋಣ. ಬಾಸೆಲ್‌ಗೆ ಲೆಕ್ಕ ಒಪ್ಪಿಸಬೇಕಿತ್ತು, ಅದಕ್ಕೇ ಬರೆದ ಎಂದು ನೀವು ಅಂದರೆ ಅದಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ಅವನು ಬರೆದದ್ದು ಅವಳನ್ನು.

ಜಾತಿಯ ಕಾಲಂ ಕಂಡಾಗ ನಿಮ್ಮಲ್ಲಿ ಕೆಲವರ ಮುಖ ಬಾಡುವುದನ್ನು ನೋಡಿದ್ದೇನೆ. ಮಂಗಳೂರಿನ ಸಭೆಗಳಲ್ಲಿ ಬಿಲ್ಲವರು ಹೆಚ್ಚು, ನಮ್ಮ ಬೆಟಗೇರಿ ಕಡೆ ನೇಕಾರರು, ಬರಗಾಲದ ಅನಾಥರು. ಕೊಡಗಿನ ಆನಂದಪುರದಲ್ಲಿ ಹೊಲೆಯರು. ಬ್ರಾಹ್ಮಣರು ಬೆರಳೆಣಿಕೆಯಷ್ಟು ಮಾತ್ರ. ಅವರ ಹೆಸರುಗಳೇ ಪುಸ್ತಕಗಳಲ್ಲಿ ಹೆಚ್ಚು ಬಂದದ್ದರಿಂದ ನಮಗೆಲ್ಲ ತಪ್ಪು ಲೆಕ್ಕ ಹತ್ತಿದೆ. ಜರ್ಮನ್ ಅಜ್ಜನ ಹಂಬಲದ ಹಿಂದೆ ಈ ಕಾಲಂ ಮುಚ್ಚಿಹಾಕುವ ಆಸೆ ಎಷ್ಟಿದೆಯೋ ನನಗೆ ಗೊತ್ತಿಲ್ಲ, ಇದೆ ಎಂಬ ಗುಮಾನಿ ಮಾತ್ರ ಇದೆ. ನನ್ನ ಕೋಣೆಯಲ್ಲಿ ಆ ಕಾಲಂ ಗಟ್ಟಿಯಾಗಿ ಓದುತ್ತೇನೆ. ಬೇರೆಯವರ ಎದುರು ಬೇಡವೆನ್ನುವವರು ಮೊದಲೇ ಹೇಳಿ, ಒಬ್ಬೊಬ್ಬರನ್ನೇ ಕೂರಿಸಿಕೊಳ್ಳುತ್ತೇನೆ.

ಡಿಎನ್‌ಎ ಪರೀಕ್ಷೆಯ ಡಬ್ಬಿ ತರಿಸಿಕೊಂಡವರೂ ಇದ್ದೀರಿ. ಲೆಕ್ಕ ಹಾಕಿ: 1830ರ ಸುಮಾರಿಗೆ ಹುಟ್ಟಿದವರೆಂದರೆ ನಿಮಗೆ ಆರು ತಲೆಮಾರು ಹಿಂದೆ. ಅವರ ಪಾಲು ನಿಮ್ಮಲ್ಲಿ ಹೆಚ್ಚುಕಡಿಮೆ ಅರವತ್ನಾಲ್ಕರಲ್ಲಿ ಒಂದು. ಉಳಿದ ಅರವತ್ಮೂರು ಪಾಲಿನವರ ವಿಚಾರ ಬೇಡವೆ?

ಆ ಅರವತ್ಮೂರು ಮಂದಿಯ ಜಾಡು ಸಿಗುವ ಕಡೆ ಹೇಳುತ್ತೇನೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ತಿಯಲಾಜಿಕಲ್ ಕಾಲೇಜಿನ ದಫ್ತರವಿದೆ. ಬಾಸೆಲ್ ಮಿಶನ್ ಕಾಲದ ಕನ್ನಡ, ತುಳು ಪುಸ್ತಕಗಳು, ಮೊಗ್ಲಿಂಗರು 1843ರಲ್ಲಿ ಹೊರಡಿಸಿದ 'ಮಂಗಳೂರು ಸಮಾಚಾರ'ದ ಕಾಲದ ಕಾಗದಗಳು ಅಲ್ಲಿ ನೋಡಲು ಸಿಗುತ್ತವೆ. ಅದಕ್ಕೂ ಮೊದಲು ನಿಮ್ಮ ತವರಿನ ಸಭೆಗೆ ಹೋಗಿ, ಸಭಾಪಾಲಕರನ್ನು ಕಂಡು, ಕಪಾಟು ತೆಗೆಸಿ. ಎಷ್ಟೋ ಕಡೆ ಹಳೆಯ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳು ಕಾಣಿಕೆ ಪೆಟ್ಟಿಗೆಯ ಪಕ್ಕದಲ್ಲೇ ಗೆದ್ದಲಿಗಾಗಿ ಕಾದು ಕೂತಿರುತ್ತವೆ. ಫೋಟೊ ತೆಗೆಯಲು ಅಪ್ಪಣೆ ಕೇಳಿ, ಇಡೀ ಪುಸ್ತಕ ತೆಗೆಯಿರಿ, ನಿಮ್ಮ ಮನೆಯ ಪುಟವೊಂದೇ ಅಲ್ಲ. ಬಾಸೆಲ್‌ನವರು ಜಾಲತಾಣದಲ್ಲಿ ಹಾಕಿರುವ ಸಾವಿರಾರು ಹಳೆಯ ಫೋಟೊಗಳನ್ನೂ ನೋಡಿ. ಮಗ್ಗದ ಸಾಲುಗಳು, ಹೆಂಚಿನ ಅಚ್ಚು ಹಿಡಿದ ಹುಡುಗರು, ಶಾಲೆಯ ಹುಡುಗಿಯರು. ಬಹಳಷ್ಟು ಕಡೆ ಬಿಳಿಯರ ಹೆಸರು ಮಾತ್ರ ಬರೆದಿದೆ. ಉಳಿದವರ ಗುರುತು ಹೇಳುವ ಕೆಲಸ ಇನ್ನೂ ನಮ್ಮ ಪಾಲಿಗೇ ಉಳಿದಿದೆ.

ಮಧ್ಯದಲ್ಲಿ ಕಾಗದದ ಸರಪಳಿ ಕಡಿದರೆ ಗಾಬರಿಯಾಗಬೇಡಿ, ಆ ವರ್ಷ ಯಾವುದೆಂದು ನೋಡಿ. 1914ರ ಯುದ್ಧ ಶುರುವಾದ ಮೇಲೆ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಅಹಮದನಗರದ ಶಿಬಿರಕ್ಕೆ ಕಳಿಸಿತು. 1915ರ ಕೊನೆಗೆ, ಮತ್ತೆ 1916ರಲ್ಲಿ ಹೆಂಗಸರು ಮಕ್ಕಳೊಡನೆ ಹಡಗು ಹತ್ತಿಸಿ ಯುರೋಪಿಗೆ ಅಟ್ಟಿತು. ಹಡಗಿನ ಹೆಸರು 'ಗೋಲ್ಕೊಂಡ'. ಈ ಪಟಾನ್‌ಚೆರುವಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಕೋಟೆಯ ಹೆಸರು ಹೊತ್ತ ಹಡಗೇ ಆ ಮನೆತನಗಳನ್ನು ಕನ್ನಡ ನಾಡಿನಿಂದ ಕೊಂಡೊಯ್ದಿತು! ಹೆಂಚಿನ, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಕೂಲಿ ಪುಸ್ತಕಗಳು, ಸಭೆಯ ಪುಸ್ತಕಗಳು ಬೇರೆ ಬೇರೆ ಕೈ ಸೇರಿದವು. ಅಲ್ಲಿಂದ ಮುಂದೆ ಜರ್ಮನ್ ನಿಂತು ಇಂಗ್ಲಿಷ್, ಕನ್ನಡ ಮುಂದುವರಿಯುತ್ತದೆ.

ಹಿಂದಕ್ಕೆ ಹೋಗುವವರಿಗೆ ಮಿಶನ್‌ನ ಕಾಗದ 1834ಕ್ಕೆ ನಿಂತುಬಿಡುತ್ತದೆ. ಅದರಾಚೆಗೆ? ನನ್ನ ತಲೆಯಲ್ಲಿ ಬಹುದಿನದಿಂದ ಕೊರೆಯುತ್ತಿರುವ ಒಂದು ಯೋಚನೆ ಇದೆ. ದೀಕ್ಷಾಸ್ನಾನದ ಪುಸ್ತಕ ಹಳೆಯ ಜಾತಿಯನ್ನೂ ಹಳ್ಳಿಯನ್ನೂ ಹೇಳುತ್ತದೆ. ಅದೇ ಹಳ್ಳಿಯಲ್ಲಿ ಧರ್ಮ ಬಿಡದೆ ಉಳಿದ ಅಣ್ಣತಮ್ಮಂದಿರ ಮನೆ ಇದ್ದೀತು. ಅವರ ಮನೆಗೆ ಸುಗ್ಗಿಯಾದ ಮೇಲೆ ಹೆಳವರು ಬರುತ್ತಿದ್ದಾರು. ಎತ್ತಿನ ಮೇಲೆ, ಕೈಯಲ್ಲಿ ಗಂಟೆ, ಹೆಗಲಲ್ಲಿ ವಂಶಾವಳಿಯ ಪುಸ್ತಕ. ಮನೆಯ ಮುಂದೆ ನಿಂತು ಹತ್ತಾರು ತಲೆಮಾರು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿ, ಕಾಳು ಕಡಿ, ದುಡ್ಡು ಪಡೆದು ಹೋಗುತ್ತಾರೆ. ಕ್ರೈಸ್ತರಾದ ಕವಲು ಅವರ ಪುಸ್ತಕದಲ್ಲಿ ಎಲ್ಲಿ ಕಡಿದಿದೆಯೋ ಅಲ್ಲಿಂದಲೇ ಮಿಶನ್ ಪುಸ್ತಕ ಶುರುವಾಗಿರಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಮನೆತನ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನಿಮ್ಮಲ್ಲಿ ಯಾರಾದರೂ ಮಾಡಿದರೆ ನಾನು ಬಸ್ಸು ಹತ್ತಿ ನಿಮ್ಮ ಜೊತೆ ಬರುತ್ತೇನೆ. ಬಾಸೆಲ್‌ಗೆ ವೀಸಾ ಬೇಕು. ಇದಕ್ಕೆ ಗದಗಿನ ಟಿಕೆಟ್ಟು ಸಾಕು. ಆದರೆ ಹೆಳವರಿಗೆ ಕಾಣಿಕೆ ಕೊಡದೆ ಪುಸ್ತಕದ ಫೋಟೊ ಕೇಳಬೇಡಿ, ಅದು ಅವರ ಹೊಟ್ಟೆಪಾಡು.

ಕೊನೆಗೆ, ನನ್ನ ಒಂದು ಅಡಚಣೆ. ಕುರೆಂಟ್ ಓದುವವರು ಸಿಗುತ್ತಾರೆ. ಮೂರು ತಿಂಗಳು ಕೂತರೆ ನಿಮ್ಮಲ್ಲಿ ಯಾರಿಗಾದರೂ ನಾನೇ ಕಲಿಸಿಕೊಡುತ್ತೇನೆ. ಇಬ್ಬರು ಹುಡುಗಿಯರು ಆಗಲೇ ಕಲಿತಿದ್ದಾರೆ, ನನಗಿಂತ ಚುರುಕು. ಸಿಗದವರು ಕನ್ನಡ ಓದುವವರು. ಸಭೆಯ ಹಳೆಯ ನಡಾವಳಿ ಪುಸ್ತಕಗಳು, ಉಪದೇಶಿಗಳು ಬರೆದ ದಿನಚರಿಗಳು, ಪಂಚರು ಬರೆದ ಜಗಳದ ತೀರ್ಮಾನಗಳು ಕನ್ನಡದಲ್ಲಿವೆ. ಮನೆತನದ ನಿಜವಾದ ಸಂಗತಿಗಳಿರುವುದು ಅಲ್ಲಿಯೇ: ಯಾರು ಯಾರ ಮನೆಗೆ ಹೆಣ್ಣು ಕೊಟ್ಟರು, ಯಾರು ಕುಡಿದು ಸಭೆಯಿಂದ ಹೊರಬಿದ್ದರು, ಯಾರ ಮಗ್ಗ ಯಾರ ಪಾಲಾಯಿತು. ಕೂಡಿಸಿ ಬರೆದ ಕೈಬರಹ, ಮಾತು ಮಾತಿನ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ, ಅಂಕಿಗಳು ಕನ್ನಡದವು, ವರ್ಷಕ್ಕೆ ಕೆಲವು ಕಡೆ ಸಂವತ್ಸರದ ಹೆಸರು. ಇಲ್ಲಿ ಹುಟ್ಟಿ ಬೆಳೆದ ನಿಮ್ಮ ಮಕ್ಕಳು ತೆಲುಗು ಓದುತ್ತಾರೆ, ಹಿಂದಿ ಓದುತ್ತಾರೆ, ಕನ್ನಡ ಮನೆಯಲ್ಲಿ ಆಡುತ್ತಾರಷ್ಟೆ. ತೆಲುಗು ಬಂದವರಿಗೆ ನಮ್ಮ ಅಕ್ಷರ ಅರ್ಧ ಬಂದ ಹಾಗೆಯೇ, ಅದಕ್ಕೆ ಹೆದರಬೇಡಿ. "ಹೈದರಾಬಾದಿನಾಗ ಕುಂತು ಕನ್ನಡ ಕಲಿಯೋದೇನ್ರಿ" ಎಂದು ಒಬ್ಬರು ನಕ್ಕರು. ನಾವು ಕುಂತಿರುವ ಜಾಗ ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲಕ್ಕೆ ಪೊಟ್ಟಳಕೆರೆ, ಅವನ ನೆಲೆವೀಡು, ಕನ್ನಡ ಶಾಸನಗಳ ಊರು. ಅವನ ರಾಣಿ ಸುಗ್ಗಲೆ ನೇಕಾರ ದಾಸಿಮಯ್ಯನ ಶಿಷ್ಯೆಯಾದ ಕಥೆ ನಡೆಯುವುದೂ ಇದೇ ಪೊಟ್ಟಳಕೆರೆಯಲ್ಲಿ. ಬೆಟಗೇರಿಯ ನೇಕಾರರ ಮೊಮ್ಮಕ್ಕಳು ಇಲ್ಲಿ ಕೂತು ತಮ್ಮ ಪುಸ್ತಕ ಓದಿಕೊಂಡರೆ ಈ ಊರಿಗೆ ಹೊಸತೇನೂ ಆಗದು.

ಆದ್ದರಿಂದ ಬರುವ ಶನಿವಾರ ಬರುವಾಗ ಜರ್ಮನ್ ಹಾಡಿನ ಪುಸ್ತಕ ಮನೆಯಲ್ಲೇ ಇರಲಿ. ಮನೆಯಲ್ಲಿ ಕನ್ನಡ ಸಾಲಿ ಓದಿದ ಎಪ್ಪತ್ತು ದಾಟಿದ ಅತ್ತೆ, ಸೋದರಮಾವ, ದೊಡ್ಡಮ್ಮ ಯಾರಿದ್ದರೂ ಕರೆತನ್ನಿ. ಕೋಣೆ ನೆಲಮಟ್ಟದಲ್ಲೇ ಇದೆ, ಮೆಟ್ಟಿಲು ಹತ್ತಿಸಬೇಕಾಗಿಲ್ಲ. ಕನ್ನಡಕ, ಭೂತಗನ್ನಡಿ, ಚಹಾ ನನ್ನ ಲೆಕ್ಕ. ಬೆಟಗೇರಿಯ ಒಂದು ನಡಾವಳಿ ಪುಸ್ತಕದ ಫೋಟೊಗಳನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಿ ಇಟ್ಟಿದ್ದೇನೆ. ಮೊದಲ ಪುಟದ ಮೂರನೆಯ ಸಾಲಿನಲ್ಲಿ ಒಂದು ಹೆಸರು ನನಗೂ ಬಿಡಿಸಲು ಬಂದಿಲ್ಲ. ಅಲ್ಲಿಂದಲೇ ಶುರುಮಾಡೋಣ.

ನಿಮ್ಮ,
ಶನಿವಾರದ ಅಕ್ಕ
ಪಟಾನ್‌ಚೆರು